ಯಾವ ಎತ್ತರಕ್ಕೆ ಹೋಗಬೇಕು, ಸ್ವಾಮಿ?

ಮಳೆಗಾಲದ ಎಚ್ಚರಿಕೆ ಬರೆಯುವ, ಆಮೇಲೆ ಹಾನಿಯ ಲೆಕ್ಕ ಬರೆದುಕೊಳ್ಳುವ ಎಲ್ಲ ಅಧಿಕಾರಿಗಳಿಗೆ ಶಿವಮೊಗ್ಗ ಜಿಲ್ಲೆಯ ಹೊಸನಗರ ಕಡೆಯ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರ.

ಪ್ರತಿ ಮಳೆಗಾಲದಲ್ಲೂ ನಮ್ಮ ಫೋನಿಗೆ ಒಂದು ಸಾಲು ಬರುತ್ತದೆ. "ತಗ್ಗು ಪ್ರದೇಶದ ಜನರು ಎತ್ತರದ ಸುರಕ್ಷಿತ ಸ್ಥಳಕ್ಕೆ ತೆರಳಬೇಕು." ಪೇಪರಿನಲ್ಲೂ ಅದೇ ಇರುತ್ತದೆ. ಪಂಚಾಯ್ತಿಯವರು ಆಟೋಗೆ ಮೈಕ್ ಕಟ್ಟಿ ಕೂಗಿಸುವುದೂ ಅದನ್ನೇ. ಶಿವಮೊಗ್ಗ ಪೇಟೆಗೆ ಈ ಮಾತು ಸರಿಯಾಗಿದೆ. ತುಂಗಾ ಹೊಳೆ ಉಕ್ಕಿದರೆ ಹೊಳೆ ಪಕ್ಕದ ಕೇರಿಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ನುಗ್ಗಿತ್ತು. ಅಲ್ಲಿ ನಾಲ್ಕು ಅಡಿ ಮೇಲೆ ಹೋದವನು ನಾಲ್ಕು ಅಡಿಯಷ್ಟು ಬಚಾವಾದ ಹಾಗೆ.

ಆದರೆ ನಮ್ಮ ಕಡೆ ಎತ್ತರ ಅಂದರೆ ಯಾವುದು? ಮನೆ ಹಿಂದೆ ನೆಟ್ಟಗೆ ನಿಂತಿರುವ ಧರೆಯೂ ಎತ್ತರವೇ. ತೋಟದ ಮೇಲಿನ ಬೆಟ್ಟವೂ ಎತ್ತರವೇ. ಅದರಾಚೆಯ ಗುಡ್ಡ, ಶಾಲೆ ಇರುವ ದಿಬ್ಬ, ಹುಲಿಕಲ್ ದಾಟಿ ಇಳಿಯುವ ಘಾಟಿ, ಎಲ್ಲವೂ ಎತ್ತರವೇ. ಜುಲೈ ಕೊನೆಯ ಪುಷ್ಯ ಮಳೆ ಹೊಯ್ಯುವ ಒಂದು ರಾತ್ರಿ ಇವುಗಳಲ್ಲಿ ಒಂದೆರಡು ಮಾತ್ರ ನಮ್ಮನ್ನು ಕಾಯುತ್ತವೆ. ಉಳಿದವು ನಮ್ಮ ಮೇಲೇ ಬರುತ್ತವೆ. ಸಂದೇಶ ನೋಡಿ ಹೊರಟವನು ಯಾವುದಕ್ಕೆ ಹತ್ತಬೇಕು?

ನನ್ನ ಕೋರಿಕೆ ಚಿಕ್ಕದು. ಎಚ್ಚರಿಕೆಯಲ್ಲೂ ಹಾನಿಯ ವರದಿಯಲ್ಲೂ ಇಲ್ಲಿನ ಜನ ಈ ಎತ್ತರಗಳಿಗೆ ಏನು ಹೇಳುತ್ತಾರೋ ಅದನ್ನೇ ಬರೆಯಿರಿ. ಎಲ್ಲವನ್ನೂ "ಗುಡ್ಡ ಕುಸಿತ" ಅಥವಾ "ಭೂಕುಸಿತ" ಎಂದು ಒಂದೇ ಚೀಲಕ್ಕೆ ತುಂಬಬೇಡಿ. ಭಾಷಾಭಿಮಾನದ ಭಾಷಣ ಅಂದುಕೊಳ್ಳಬೇಡಿ, ಅದಕ್ಕೆ ನವೆಂಬರ್ ಇದೆ. ಇದು ರಾತ್ರಿ ಎಲ್ಲಿ ಮಲಗಬೇಕು ಅನ್ನುವ ವಿಚಾರ.

ಮೊದಲು ಧರೆಯಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಜಾಸ್ತಿ ಬೀಳುವುದು ಅದೇ.

ಧರೆ ಅಂದರೆ ಮನುಷ್ಯ ಕಡಿದ ಎತ್ತರ. ಮನೆಗೆ ಜಾಗ ಸಮ ಮಾಡಬೇಕು, ಅಂಗಳ ಅಗಲ ಮಾಡಬೇಕು, ರಸ್ತೆ ಬಿಡಬೇಕು ಅಂತ ಇಳಿಜಾರನ್ನು ಕಡಿಯುತ್ತೇವೆ. ಆಗ ಒಂದು ಪಕ್ಕದಲ್ಲಿ ಗೋಡೆಯಂತೆ ನಿಲ್ಲುವ ಮಣ್ಣೇ ಧರೆ. ಮಲೆನಾಡಿನಲ್ಲಿ ಧರೆಯಿಲ್ಲದ ಮನೆ ಕಡಿಮೆ. ಮುಂದೆ ಅಂಗಳ, ಅದರ ಕೆಳಗೆ ತೋಟ, ಹಿಂದೆ ಧರೆ. ಹಿಂದುಗಡೆ ಸಾಮಾನ್ಯವಾಗಿ ಇರುವುದು ಅಡುಗೆಮನೆ, ಬಚ್ಚಲು, ಸೌದೆ ಕೊಟ್ಟಿಗೆ. ಅಂದರೆ ಧರೆ ಜರಿದರೆ ಮೊದಲ ಏಟು ಬೆಳಿಗ್ಗೆ ಬೇಗ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುವವರಿಗೆ. ಅವರು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಹಿಂದೆ ಧರೆ ಕಡಿಯುತ್ತಿದ್ದದ್ದು ಗುದ್ದಲಿ, ಪಿಕಾಸಿ, ಹಾರೆಯಿಂದ. ಕಷ್ಟದ ಕೆಲಸ. ಹಾಗಾಗಿ ಬೇಕಾದಷ್ಟೇ ಕಡಿಯುತ್ತಿದ್ದರು. ಸ್ವಲ್ಪ ಒಳಗೆ ವಾಲಿಸಿ ಕಡಿಯುತ್ತಿದ್ದರು, ಎತ್ತರ ಇದ್ದರೆ ನಡುವೆ ಒಂದು ಮೆಟ್ಟಿಲು ಬಿಡುತ್ತಿದ್ದರು. ಮೇಲೆ ನೀರು ಬೇರೆ ಕಡೆ ಹೋಗಲು ಒಂದು ಕಾಲುವೆ. ಮಳೆ ಹಿಡಿಯುವ ಮೊದಲು ಅಡಿಕೆ ಸೋಗೆ ಮುಚ್ಚುವವರೂ ಇದ್ದರು. ಈಗ ಜೆಸಿಬಿ ಬಂದು ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತಡಿ ಧರೆ ಎಬ್ಬಿಸಿ ಹೋಗುತ್ತದೆ. ಕಡಿದ ಮಣ್ಣನ್ನು ಮುಂದಕ್ಕೆ ನೂಕಿ ಅಂಗಳ ದೊಡ್ಡದು ಮಾಡಿಕೊಡುತ್ತದೆ. ಹಿಂದೆ ಧರೆ, ಮುಂದೆ ತುಂಬಿದ ಮಣ್ಣು. ಎರಡೂ ಗಟ್ಟಿಯಲ್ಲ, ನಡುವೆ ಟೈಲ್ಸ್ ಹಾಕಿದ ಮನೆ.

ಧರೆಯಲ್ಲೂ ಜಾತಿ ಇದೆ. ಮೇಲೆ ತೂತು ತೂತಾದ ಕೆಂಪು ಜಂಬಿಟ್ಟಿಗೆ ಕಲ್ಲಿನ ಪದರ, ಅದರ ಕೆಳಗೆ ಶೇಡಿ ಅನ್ನುವ ಬಿಳಿ ಮಣ್ಣು ಇರುವುದು ನಮ್ಮ ಕಡೆ ಸಾಮಾನ್ಯ. ಜಂಬಿಟ್ಟಿಗೆ ನೆಟ್ಟಗೆ ಕಡಿದರೂ ವರ್ಷಗಟ್ಟಲೆ ನಿಲ್ಲುತ್ತದೆ. ಮಳೆ ನೀರು ಅದರ ತೂತುಗಳಲ್ಲಿ ಇಳಿದು ಶೇಡಿಗೆ ಮುಟ್ಟಿದರೆ ಅಲ್ಲಿ ನಿಲ್ಲುತ್ತದೆ, ಶೇಡಿ ಬೆಣ್ಣೆಯಾಗುತ್ತದೆ. ಮೇಲಿನ ಕಲ್ಲು ಗಟ್ಟಿಯಾಗಿಯೇ ಇರುತ್ತದೆ, ಕೆಳಗೆ ಜಾರುತ್ತದೆ. ಹಾಗಾಗಿ ಧರೆ ಕಡಿಯುವಾಗ ಬಿಳಿ ಮಣ್ಣು ಕಂಡರೆ ಹಳಬರು "ಇಲ್ಲಿಗೆ ಸಾಕು" ಅನ್ನುತ್ತಿದ್ದರು. ಜೆಸಿಬಿಯವನಿಗೆ ಗಂಟೆ ಲೆಕ್ಕ, ಅವನು ಹೇಳುವುದಿಲ್ಲ.

ಈಗ ಹೇಳಿ, ಧರೆಯ ಅಪಾಯಕ್ಕೆ ಊರು ಬಿಡಬೇಕಾ? ಹೆಚ್ಚಿನ ಸಲ ಬೇಕಾಗಿಲ್ಲ. ಹಿಂದಿನ ಕೋಣೆ ಬಿಟ್ಟು ಮುಂದಿನ ಜಗಲಿಯಲ್ಲಿ ಮಲಗಿದರೆ ಎಷ್ಟೋ ಜೀವ ಉಳಿಯುತ್ತದೆ. ಧರೆ ಮನೆಗಿಂತ ಎತ್ತರ ಇದ್ದರೆ, ತಲೆಯ ಮೇಲೆ ಬಿರುಕು ಬಿಟ್ಟಿದ್ದರೆ, ಅದರ ಮೇಲಿನ ಮರ ಮನೆ ಕಡೆ ವಾಲಿದ್ದರೆ, ಆಗ ಪಕ್ಕದ ಮನೆಗೆ ಹೋಗಬೇಕು. "ಮನೆ ಹಿಂದೆ ಧರೆ ಇರುವವರು ಇವತ್ತು ರಾತ್ರಿ ಹಿಂದಿನ ಕೋಣೆಯಲ್ಲಿ ಮಲಗಬೇಡಿ. ಬೆಳಕಾಗುವವರೆಗೆ ಬಚ್ಚಲಿಗೆ ಹೋಗಬೇಡಿ." ಇಷ್ಟು ಬರೆದರೆ ನಮ್ಮೂರಿನ ಅಜ್ಜಿಗೂ ಗೊತ್ತಾಗುತ್ತದೆ. "ಭೂಕುಸಿತದ ಸಂಭವವಿದ್ದು ಸಾರ್ವಜನಿಕರು ಜಾಗರೂಕರಾಗಿರತಕ್ಕದ್ದು" ಅಂದರೆ ಅಜ್ಜಿ ಬಚ್ಚಲಿಗೇ ಹೋಗುತ್ತಾಳೆ. ಸಾರ್ವಜನಿಕರು ಅಂದರೆ ಬೇರೆ ಯಾರೋ ಅಂತ ಅವಳ ಲೆಕ್ಕ.

ಇನ್ನು ಗುಡ್ಡ. ಇದು ಬೇರೆಯೇ ಕಥೆ.

ಗುಡ್ಡ ಅಂದರೆ ನಾವು ದನ ಅಟ್ಟುವ, ದರಗು (ಒಣ ಎಲೆ) ಗುಡಿಸುವ ಎತ್ತರ. ಎಲ್ಲೋ ದೂರದ ಶಿಖರ ಅಲ್ಲ. ಗುಡ್ಡ ಜರಿದರೆ ಒಂದು ಗೋಡೆಯಷ್ಟು ಮಣ್ಣು ಬೀಳುವುದಿಲ್ಲ. ಮೇಲಿನಿಂದ ಮಣ್ಣು, ಬಂಡೆ, ಬೇರು ಸಮೇತ ಮರ, ನೀರು, ಎಲ್ಲ ಸೇರಿ ಹರಿಯುತ್ತದೆ. ಹರಿಯುವುದು ಎಲ್ಲಿಗೆ? ಹಳ್ಳದ ಗುಂಟ. ನಮ್ಮ ತೋಟಗಳು ಇರುವುದೂ ಎರಡು ಗುಡ್ಡದ ನಡುವಿನ ಆ ಕಣಿವೆಯಲ್ಲೇ. ಹಾಗಾಗಿ ಗುಡ್ಡದ ಅಪಾಯ ಇರುವುದು ಗುಡ್ಡದ ಮೇಲೆ ಇರುವವನಿಗಿಂತ ಜಾಸ್ತಿ ಅದರ ಬುಡದಲ್ಲಿ, ಹಳ್ಳದ ಬಾಯಲ್ಲಿ ಮನೆ ಕಟ್ಟಿದವನಿಗೆ. ಎಷ್ಟೋ ದೂರದ ಮೇಲೆ ಜರಿದದ್ದು ಅವನ ಅಂಗಳಕ್ಕೆ ಬರುತ್ತದೆ. ಅವನ ಮನೆ ಹಿಂದೆ ಧರೆಯೇ ಇಲ್ಲದಿರಬಹುದು. ಸಮತಟ್ಟಾದ ಚಂದದ ಜಾಗದಲ್ಲಿ ಇದ್ದೇನೆ ಅಂತ ಅವನು ಆರಾಮಾಗಿ ಮಲಗಿರುತ್ತಾನೆ.

ಗುಡ್ಡ ಜರಿಯುವ ಮೊದಲು ಲಕ್ಷಣ ತೋರಿಸುವುದುಂಟು. ಜಲ ಏಳದ ಜಾಗದಲ್ಲಿ ಜಲ ಏಳುತ್ತದೆ. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಮಳೆ ಜೋರಿದ್ದರೂ ಹಳ್ಳದಲ್ಲಿ ನೀರು ಕಡಿಮೆಯಾದರೆ ಇನ್ನೂ ಹೆದರಬೇಕು, ಮೇಲೆ ಎಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿದೆ ಅಂತ ಅರ್ಥ. ಅದು ಒಡೆದರೆ ಒಟ್ಟಿಗೇ ಬರುತ್ತದೆ. ಆಗ ಹಳ್ಳದ ಗುಂಟ ಮೇಲೂ ಓಡಬಾರದು, ಕೆಳಗೂ ಓಡಬಾರದು. ಹಳ್ಳ ಬಿಟ್ಟು ಪಕ್ಕಕ್ಕೆ ಹೋಗಬೇಕು, ದಿಬ್ಬ ಹತ್ತಬೇಕು.

ಗಮನಿಸಿದಿರಾ? ಧರೆಗೆ ಒಂದು ಉಪಾಯ, ಗುಡ್ಡಕ್ಕೆ ಇನ್ನೊಂದು. ಒಂದರಲ್ಲಿ ಜಗಲಿಗೆ ಬಂದರೆ ಸಾಕು, ಇನ್ನೊಂದರಲ್ಲಿ ಜಗಲಿಗೆ ಬಂದರೆ ಏನೂ ಪ್ರಯೋಜನ ಇಲ್ಲ. ನಿಮ್ಮ ಸಂದೇಶದಲ್ಲಿ ಎರಡಕ್ಕೂ ಒಂದೇ ಪದ.

ದಿಬ್ಬದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಸುತ್ತ ತಗ್ಗು, ನಡುವೆ ಸ್ವಲ್ಪ ಎದ್ದಿರುವ ಜಾಗ. ಮೇಲಿನಿಂದ ಅದರ ತಲೆಗೆ ಬೀಳುವಂಥದ್ದು ಏನೂ ಇರುವುದಿಲ್ಲ. ಹಳೆ ದೇವಸ್ಥಾನ, ಹಳೆ ಶಾಲೆ ಎಷ್ಟೋ ಕಡೆ ದಿಬ್ಬದ ಮೇಲೇ ಇವೆ. "ಎತ್ತರದ ಸುರಕ್ಷಿತ ಸ್ಥಳ" ಅಂದರೆ ನಿಮ್ಮ ಮನಸ್ಸಿನಲ್ಲಿ ಇರುವುದು ಇದೇ ಇರಬೇಕು. ಹಾಗಾದರೆ ಹಾಗೇ ಬರೆಯಿರಿ. "ಶಾಲೆ ದಿಬ್ಬಕ್ಕೆ ಬನ್ನಿ." ಊರಿಗೊಂದು ದಿಬ್ಬ ಗುರುತಿಸಿ ಹೆಸರು ಹಾಕಿಡುವುದು ಗ್ರಾಮ ಪಂಚಾಯ್ತಿಗೆ ಒಂದು ಮಧ್ಯಾಹ್ನದ ಕೆಲಸ.

ಘಟ್ಟದ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. "ಪಶ್ಚಿಮ ಘಟ್ಟ ಪ್ರದೇಶದ ನಿವಾಸಿಗಳು ಎಚ್ಚರಿಕೆಯಿಂದಿರಬೇಕು" ಎಂದು ಬರೆಯುತ್ತೀರಿ. ನಕ್ಷೆ ನೋಡಿದರೆ ನಾವೆಲ್ಲ ಅದರೊಳಗೇ ಇದ್ದೇವೆ. ಆದರೆ ಸಾಗರದವನನ್ನೋ ತೀರ್ಥಹಳ್ಳಿಯವನನ್ನೋ ಕೇಳಿ, "ನಿಮ್ಮ ಮನೆ ಘಟ್ಟದಲ್ಲಾ?" ಅಂತ. "ಇಲ್ಲಪ್ಪ, ಘಟ್ಟ ಇರೋದು ಆ ಕಡೆ" ಅಂತ ಪಡುವಣಕ್ಕೆ ಕೈ ತೋರಿಸುತ್ತಾನೆ. ನಮಗೆ ಘಟ್ಟ ಅಂದರೆ ಇಳಿದು ಕರಾವಳಿಗೆ ಹೋಗುವ ಜಾಗ. ಕುಂದಾಪುರದವರಿಗೆ ನಾವು ಘಟ್ಟದ ಮೇಲಿನವರು, ಅದು ಅವರು ಕೆಳಗಿನಿಂದ ನೋಡಿ ಇಟ್ಟ ಹೆಸರು. ಘಟ್ಟದ ನಿವಾಸಿಗಳೇ ಅಂತ ಕೂಗಿದರೆ ಇಡೀ ಜಿಲ್ಲೆಯಲ್ಲಿ ತಿರುಗಿ ನೋಡುವವರು ಯಾರೂ ಇಲ್ಲ.

ಘಾಟಿ ಅಂದರೆ ರಸ್ತೆ. ಆಗುಂಬೆ ಘಾಟಿ, ನಮ್ಮ ಕಡೆಯ ಬಾಳೆಬರೆ ಘಾಟಿ. ಅಲ್ಲಿ ಅಪಾಯ ಇರುವುದು ಹೋಗಿಬರುವವರಿಗೆ. ಘಾಟಿಯಲ್ಲಿ ಹಾಕುವ ಬೋರ್ಡು ನೋಡಿ. "ಭೂಕುಸಿತ ವಲಯ, ನಿಧಾನವಾಗಿ ಚಲಿಸಿ." ಕಲ್ಲು ಉರುಳುವ ಜಾಗದಲ್ಲಿ ಜನ ಮಾಡಬಾರದ್ದು ನಿಲ್ಲುವುದು. ಆಗುಂಬೆಯ 14 ತಿರುವುಗಳಲ್ಲಿ ಮಳೆಗಾಲದಲ್ಲಿ ಏನು ನಡೆಯುತ್ತದೆ ಅಂತ ನಿಮಗೂ ಗೊತ್ತು. ನೀರು ಬೀಳುವ ಜಾಗ ನೋಡಿ ಕಾರು ನಿಲ್ಲಿಸುತ್ತಾರೆ, ಬಾಗಿಲು ತೆಗೆದು ಹಾಡು ಹಾಕುತ್ತಾರೆ, ಕೋತಿಗೆ ಬಿಸ್ಕತ್ತು ಕೊಡುತ್ತಾರೆ. "ಇಲ್ಲಿ ಮೇಲಿಂದ ಕಲ್ಲು ಬೀಳುತ್ತೆ, ಗಾಡಿ ನಿಲ್ಲಿಸಬೇಡಿ" ಅಂತ ಬರೆದರೆ ಬೋರ್ಡಿಗೆ ಜಾಸ್ತಿ ಬಣ್ಣವೇನೂ ಬೇಕಾಗುವುದಿಲ್ಲ.

ಬಾಳೆಬರೆ ಅಂದೆ. ಆ ಹೆಸರಲ್ಲೇ "ಬರೆ" ಇದೆ. ಕೊಡಗಿನ ಕಡೆ ಹೋದರೆ ನಾವು ಧರೆ ಅನ್ನುವುದನ್ನೇ ಬರೆ ಅನ್ನುತ್ತಾರೆ, "ಬರೆ ಕುಸಿದು ಮನೆಗೆ ಹಾನಿ" ಅಂತ ಅಲ್ಲಿನ ಸುದ್ದಿ ಬರುತ್ತದೆ. ಕರಾವಳಿಗೆ ಇಳಿದರೆ ಗುಡ್ಡ ಹೋಗಿ ಗುಡ್ಡೆ ಆಗುತ್ತದೆ. ಹಾಗಾಗಿ ಒಂದು ಜಿಲ್ಲೆಯ ಸಂದೇಶವನ್ನು ಇನ್ನೊಂದು ಜಿಲ್ಲೆಗೆ ನಕಲು ಮಾಡುವುದೂ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮಲ್ಲೇ ಒಬ್ಬರು ಗದಗದಿಂದ ವರ್ಗವಾಗಿ ಬಂದಿರುತ್ತೀರಿ, ಕಪ್ಪತಗುಡ್ಡ ನೋಡಿ ಬೆಳೆದವರು. ಇನ್ನೊಬ್ಬರು ಮೈಸೂರಿನವರು, ಚಾಮುಂಡಿ ಬೆಟ್ಟ ಹತ್ತಿದವರು. ಒಬ್ಬರಿಗೆ ದೊಡ್ಡದೆಲ್ಲ ಗುಡ್ಡ, ಇನ್ನೊಬ್ಬರಿಗೆ ದೊಡ್ಡದೆಲ್ಲ ಬೆಟ್ಟ. ಇಬ್ಬರೂ ಸರಿ, ಅವರವರ ಊರಲ್ಲಿ. ಇಲ್ಲಿಗೆ ಬಂದಾಗ ಮಾತ್ರ ಒಮ್ಮೆ ಇಲ್ಲಿಯವರನ್ನು ಕೇಳಬೇಕು.

ಯಾಕೆಂದರೆ ಇಲ್ಲಿ ಬೆಟ್ಟ ಅಂದರೆ ಎತ್ತರಕ್ಕಿಂತ ಹೆಚ್ಚಾಗಿ ಅದೊಂದು ಹಕ್ಕಿನ ಹೆಸರು. ಸೊಪ್ಪಿನಬೆಟ್ಟ. ಅಡಿಕೆ ತೋಟಕ್ಕೆ ಹಸಿ ಸೊಪ್ಪು, ದರಗು ತರಲು ತೋಟದ ಮೇಲುಗಡೆ ಬಿಟ್ಟಿರುವ ಕಾಡು. "ಅವ್ರು ಬೆಟ್ಟಕ್ಕೆ ಹೋಗಿದಾರೆ" ಅಂದರೆ ಚಾರಣಕ್ಕೆ ಹೋಗಿದ್ದಾರೆ ಅಂತ ಅರ್ಥವಲ್ಲ, ಸೊಪ್ಪು ಕಡಿಯಲು ಹೋಗಿದ್ದಾರೆ. ಅದು ಎರಡಾಳು ಎತ್ತರದ ಏರೂ ಇರಬಹುದು. ಪಕ್ಕದಲ್ಲಿ ಹುಲ್ಲು ಬೆಳೆಯುವ ಜಾಗ ಬ್ಯಾಣ. ದಟ್ಟ ಕಾಡಿದ್ದರೆ ಕಾನು. ಈ ಮೂರೂ ಇಳಿಜಾರಿನಲ್ಲೇ ಇರುತ್ತವೆ, ಆದರೆ ಮಳೆ ನೀರನ್ನು ಮೂರೂ ಒಂದೇ ಥರ ಹಿಡಿಯುವುದಿಲ್ಲ. ಬೇರು ತುಂಬಿದ ಕಾನಿನ ನೆಲ ಬೇರೆ, ಬೋಳಾದ ಬ್ಯಾಣ ಬೇರೆ. ಬ್ಯಾಣದಲ್ಲಿ ರಸ್ತೆ ಕಡಿದು ಹೋಂಸ್ಟೇ ಎಬ್ಬಿಸಿದ ಮೇಲೆ ಇನ್ನೂ ಬೇರೆ.

ನಮ್ಮ ಕಂದಾಯ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಂ ತೆಗೆದು ನೋಡಿ, ಇಂಥ ಹಕ್ಕಿನ ಜಮೀನುಗಳಿಗೆ ಸೀಮೆ ಸೀಮೆಯ ಹೆಸರು ಅಲ್ಲಿದೆ. ದಕ್ಷಿಣ ಕನ್ನಡಕ್ಕೆ ಕುಮ್ಕಿ, ಬಾಣೆ, ಕಾಣೆ. ಉತ್ತರ ಕನ್ನಡಕ್ಕೆ ಬೆಟ್ಟ, ಹಾಡಿ. ಹಳೆ ಮೈಸೂರು ಸೀಮೆಗೆ ಕಾನು, ಸೊಪ್ಪಿನಬೆಟ್ಟ. ಕೊಡಗಿಗೆ ಜಮ್ಮಾ, ಬಾಣೆ. ಇಂಗ್ಲಿಷಿನ ಪಠ್ಯದಲ್ಲೂ ಈ ಹೆಸರುಗಳನ್ನು ಹಾಗೇ ಇಟ್ಟರು. ಒಂದೊಂದು ಸೀಮೆಯ ಹಕ್ಕು ಒಂದೊಂದು ಥರ ಇತ್ತು, ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆದಿದ್ದರೆ ಯಾರ ಹಕ್ಕು ಯಾವುದು ಅಂತಲೇ ತಿಳಿಯುತ್ತಿರಲಿಲ್ಲ. ಜಮೀನಿನ ಲೆಕ್ಕಕ್ಕೆ ಅಷ್ಟು ಜಾಗ್ರತೆ ಮಾಡಿದವರು ನೀವು. ಜೀವದ ಲೆಕ್ಕಕ್ಕೂ ಅದನ್ನೇ ಮಾಡಿ ಅಂತ ಕೇಳುತ್ತಿದ್ದೇನೆ, ಅಷ್ಟೆ.

ಸ್ವಂತದ್ದೊಂದು ಹೇಳುತ್ತೇನೆ. ಒಂದು ಆಶ್ಲೇಷ ಮಳೆಯಲ್ಲಿ ನಮ್ಮ ಮನೆ ಹಿಂದಿನ ಧರೆ ಬಚ್ಚಲುಮನೆಯ ಮೇಲೆ ಕೂತಿತು. ಹಂಡೆ, ಒಲೆ, ಸೌದೆ, ಎಲ್ಲ ಮಣ್ಣಿನಡಿ. ಪುಣ್ಯಕ್ಕೆ ಯಾರೂ ಒಳಗಿರಲಿಲ್ಲ. ಒಂದು ಕಚೇರಿಯಿಂದ ಒಬ್ಬ ಹುಡುಗ ಬಂದ. ಒಳ್ಳೆಯ ಹುಡುಗ, ಕೆಸರಲ್ಲಿ ಚಪ್ಪಲಿ ಕೈಲಿ ಹಿಡಿದುಕೊಂಡೇ ನಡೆದು ಬಂದಿದ್ದ. ಫೋನಿನಲ್ಲಿ ಫೋಟೋ ತೆಗೆದ. ಆಮೇಲೆ ಕೇಳಿದ, "ಸಾರ್, ಗುಡ್ಡ ಕುಸಿತ ಅಂತ ಹಾಕ್ಲಾ?"

"ಗುಡ್ಡ ಅಲ್ಲಪ್ಪ, ಧರೆ" ಅಂದೆ.

"ಧರೆ ಅಂತ ಇಲ್ವಲ್ಲ ಸಾರ್ ಇದ್ರಲ್ಲಿ."

ಪಕ್ಕದ ಮನೆಯ ಹಿರಿಯರು ಕೊಡೆ ಹಿಡಿದು ನಿಂತಿದ್ದರು. "ಎಂತದು ಮಾರಾಯ, ಗುಡ್ಡ ಕುಸಿದಿದ್ರೆ ನಾನೂ ನೀನೂ ಇಲ್ಲಿ ನಿಂತು ಮಾತಾಡ್ತಿದ್ವಾ?" ಅಂದರು. ಹುಡುಗ ನಕ್ಕ. ಗುಡ್ಡ ಕುಸಿತ ಅಂತಲೇ ಹಾಕಿದ. ಅವನದ್ದೇನು ತಪ್ಪು?

ಅಲ್ಲಿಂದ ಮುಂದೆ ಕಾಗದ ಓಡಾಡಿದ ರೀತಿ ಹೇಳುತ್ತಾ ಹೋದರೆ ಈ ಪತ್ರ ಮುಗಿಯುವುದಿಲ್ಲ. ಗುಡ್ಡ ಅಂತ ಇರುವ ಕಾರಣ ಜಾಗ ಅರಣ್ಯದ್ದಾ, ಕಂದಾಯದ್ದಾ ಅಂತ ಪ್ರಶ್ನೆ ಬಂತು. ಸರ್ವೆ ನಂಬರು ನೋಡಿದರೆ ಮೇಲಿನದು ಸೊಪ್ಪಿನಬೆಟ್ಟ. "ಬೆಟ್ಟ ಅಂತ ಇದೆಯಲ್ಲ, ಹಾಗಾದ್ರೆ ಗುಡ್ಡವೇ ಆಯ್ತಲ್ಲ" ಅಂತ ಇನ್ನೊಂದು ಮೇಜಿನವರು ಸಮಾಧಾನ ಹೇಳಿದರು. ಬಚ್ಚಲನ್ನು ನಾವೇ ಕಟ್ಟಿಕೊಂಡೆವು. ನನಗೆ ಬೇಸರ ಹಣದ್ದಲ್ಲ. ಆ ವರ್ಷದ ಜಿಲ್ಲೆಯ ಲೆಕ್ಕದಲ್ಲಿ ನಮ್ಮ ಹಿತ್ತಲಿನ ಹತ್ತಡಿ ಧರೆಯೂ, ಎಲ್ಲೋ ಎಕರೆಗಟ್ಟಲೆ ತೋಟ ನುಂಗಿದ ಗುಡ್ಡವೂ ಒಂದೇ ಹೆಸರಲ್ಲಿ, ಒಂದೇ ಸಂಖ್ಯೆಯಾಗಿ ಕೂತಿರುತ್ತವೆ. ಮುಂದಿನ ವರ್ಷ ಯಾವ ಊರಿಗೆ ಏನು ಮಾಡಬೇಕು ಅಂತ ಆ ಪಟ್ಟಿ ನೋಡಿ ಯಾರಿಗೆ ತಿಳಿಯುತ್ತದೆ?

ಧರೆ ಎಷ್ಟು ಬಿದ್ದವು ಅಂತ ಬೇರೆ ಲೆಕ್ಕ ಇದ್ದಿದ್ದರೆ ಪ್ರಶ್ನೆಯೇ ಬದಲಾಗುತ್ತಿತ್ತು. ಧರೆ ಬೀಳುವುದು ಮಳೆಯ ತಪ್ಪಷ್ಟೇ ಅಲ್ಲ, ಕಡಿದ ರೀತಿಯ ತಪ್ಪು. ಎಷ್ಟು ಎತ್ತರ ಕಡಿಯಬಹುದು, ಎಲ್ಲಿ ಮೆಟ್ಟಿಲು ಬಿಡಬೇಕು, ನೀರು ಎಲ್ಲಿಂದ ಹೋಗಬೇಕು, ಮನೆ ಎಷ್ಟು ದೂರ ಇರಬೇಕು ಅಂತ ಮನೆ ಕಟ್ಟಲು ಪರವಾನಗಿ ಕೊಡುವಾಗಲೇ ಕೇಳಬಹುದು. ಧರೆಗೆ ಗೋಡೆ ಕಟ್ಟಲು ಹೋಗಿ, ಪಾಯ ತೆಗೆಯಲು ಹೋಗಿ ಮಣ್ಣಿನಡಿ ಸಿಕ್ಕಿದ ಕೂಲಿಯವರ ಸುದ್ದಿ ಆಗಾಗ ಓದುತ್ತೇವೆ. ಅದಕ್ಕೂ ಮಳೆಗೂ ಕೆಲವೊಮ್ಮೆ ಸಂಬಂಧವೇ ಇರುವುದಿಲ್ಲ. "ಭೂಕುಸಿತ" ಅಂದ ತಕ್ಷಣ ಅದು ದೇವರ ಲೆಕ್ಕಕ್ಕೆ ಹೋಗುತ್ತದೆ. ಧರೆ ಅಂದರೆ ಯಾರು ಕಡಿದದ್ದು ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ರಸ್ತೆಗಳಿಗೂ ಅಷ್ಟೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬಂದದ್ದನ್ನು ಎಲ್ಲರೂ ಗುಡ್ಡ ಕುಸಿತ ಅಂದರು. ಬಂದದ್ದು ಗುಡ್ಡವೇ, ಸಂಶಯ ಇಲ್ಲ. ಆದರೆ ಆ ಗುಡ್ಡದ ಬುಡವನ್ನು ರಸ್ತೆಗಾಗಿ ನೆಟ್ಟಗೆ ಕಡಿದಿದ್ದರು. ಅಲ್ಲಿದ್ದದ್ದು ಗುಡ್ಡವೂ ಹೌದು, ಧರೆಯೂ ಹೌದು. ಎರಡನ್ನೂ ಬರೆದರೆ ಮಾತ್ರ ಪೂರ್ತಿ ವಿಷಯ ತಿಳಿಯುತ್ತದೆ.

ನೀವು ಏನು ಹೇಳಬಹುದು ಅಂತಲೂ ಯೋಚಿಸಿದ್ದೇನೆ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಇರುವುದು ಭೂಕುಸಿತ. ಬರ, ನೆರೆ, ಆಲಿಕಲ್ಲು ಮಳೆ ಅಂತ ಇರುವ ಪಟ್ಟಿಯಲ್ಲಿ ಅದೂ ಒಂದು. ಆ ಪದ ಇಲ್ಲದಿದ್ದರೆ ಹಣ ಬರುವುದಿಲ್ಲ. ಸರಿ, ಇರಲಿ. ಫೈಲಿನ ತಲೆಯ ಮೇಲೆ ಭೂಕುಸಿತ ಅಂತಲೇ ಬರೆಯಿರಿ. ಅದರ ಪಕ್ಕ ಇನ್ನೊಂದು ಕಾಲಂ ಹಾಕಿ. "ಜರಿದದ್ದು ಏನು: ಧರೆ, ಗುಡ್ಡ, ರಸ್ತೆ ಪಕ್ಕ, ತುಂಬಿದ ಮಣ್ಣು." ಆ ಹುಡುಗನ ಫೋನಿನಲ್ಲಿ ಒತ್ತಲು ನಾಲ್ಕು ಗುಂಡಿ ಜಾಸ್ತಿ ಆದರೆ ಯಾವ ನಿಯಮವೂ ಮುರಿಯುವುದಿಲ್ಲ.

ಊರೂರಿಗೆ ಪದ ಬೇರೆ, ಎಲ್ಲವನ್ನೂ ಹೇಗೆ ಹಾಕುವುದು ಅಂತಲೂ ಕೇಳಬಹುದು. ಎಲ್ಲ ಊರಿನದ್ದು ಬೇಡ. ತಾಲ್ಲೂಕಿಗೆ ಒಂದು ಹಾಳೆ ಸಾಕು. ಶಿಕಾರಿಪುರದ ಕಡೆ ಬಯಲುಸೀಮೆಯ ವಾಸನೆ ಇದೆ, ಅಲ್ಲಿನ ದಿಬ್ಬ, ಏರಿಗಳ ಲೆಕ್ಕ ಬೇರೆ, ಅಲ್ಲಿ ಹೆದರಿಕೆ ಕೆರೆ ಏರಿ ಒಡೆಯುವುದು. ಹೊಸನಗರ, ತೀರ್ಥಹಳ್ಳಿ, ಸಾಗರಕ್ಕೆ ಹೆಚ್ಚುಕಡಿಮೆ ಒಂದೇ ಹಾಳೆ ಆಗುತ್ತದೆ. ಬರೆಯಲು ದೊಡ್ಡ ಸಮಿತಿ ಮಾಡಬೇಡಿ, ದಯವಿಟ್ಟು. ಲೈನ್‌ಮನ್, ಆಶಾ ಕಾರ್ಯಕರ್ತೆ, ಹಾಲಿನ ಡೇರಿಯವರು, ಜೆಸಿಬಿ ಓಡಿಸುವವನು, ಇವರನ್ನು ಕೂರಿಸಿ ಒಂದು ಕಪ್ ಕಾಫಿ ಕೊಟ್ಟರೆ ಸಂಜೆಯೊಳಗೆ ಬರೆದುಕೊಡುತ್ತಾರೆ. ಯಾವ ಧರೆ ಈ ಸಲ ಬೀಳುತ್ತದೆ ಅಂತಲೂ ಹೇಳುತ್ತಾರೆ. ಅದು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.

ಬಣ್ಣದ ಎಚ್ಚರಿಕೆಯ ಬಗ್ಗೆ ಒಂದು ಮಾತು. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟುವ ಮಳೆ ಬರುತ್ತದೆ ಅಂದರೆ ಹವಾಮಾನ ಇಲಾಖೆಯ ಕೆಂಪು ಎಚ್ಚರಿಕೆ. ಬೆಂಗಳೂರಿಗೆ ಅದು ಪ್ರಳಯ. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆಯವರು ಅಂಥ ದಿನಗಳನ್ನು ಬೇಕಾದಷ್ಟು ನೋಡಿದ್ದಾರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಹೊಯ್ಯುವ ಆಗುಂಬೆಯವರೂ ಕೆಂಪು ಅಂದರೆ "ಹೌದಾ" ಅಂತ ಎಲೆಯಡಿಕೆ ಕವಳ ಹಾಕುತ್ತಾರೆ. ನಮಗೆ ಹೆದರಿಕೆ ಒಂದು ದಿನದ ಮಳೆಯದ್ದಲ್ಲ. ಜೂನ್ ಕೊನೆಯ ಆರಿದ್ರೆ ಮಳೆಯಿಂದ ನೆನೆದು ನೆನೆದು ನೆಲ ತುಂಬಿದ ಮೇಲೆ ಬರುವ ಮಳೆಯದ್ದು. ಶಿರೂರಿನ ಕುಸಿತ ಆದದ್ದು ಪುನರ್ವಸು ಮಳೆಯಲ್ಲಿ. ಅದೇ ವರ್ಷ ಜುಲೈ 30ರ ವಯನಾಡಿನದ್ದು ಪುಷ್ಯದಲ್ಲಿ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದದ್ದು ಆಶ್ಲೇಷದಲ್ಲಿ. 2018ರ ಆಗಸ್ಟ್ ನಡುವಿನ ಕೊಡಗಿನದ್ದು ಆಶ್ಲೇಷ ಮುಗಿದು ಮಘೆ ಹಿಡಿಯುವ ಹೊತ್ತಿನದ್ದು. ಮಳೆ ನಕ್ಷತ್ರದಿಂದ ಗುಡ್ಡ ಬೀಳುತ್ತದೆ ಅಂತ ನಾನು ಹೇಳುತ್ತಿಲ್ಲ, ಮತ್ತೆ ಅದಕ್ಕೊಂದು ಚರ್ಚೆ ಬೇಡ. ಆದರೆ "ಪುಷ್ಯ ಮಳೆ ಹಿಡಿದಿದೆ, ನೆಲ ಕುಡಿದು ತುಂಬಿದೆ, ಇನ್ನು ಧರೆ ನಂಬಬೇಡಿ" ಅಂದರೆ ನಮ್ಮವರಿಗೆ ನಾಟುತ್ತದೆ. ಕಿತ್ತಳೆಗೂ ಕೆಂಪಿಗೂ ವ್ಯತ್ಯಾಸ ಅಷ್ಟು ನಾಟುವುದಿಲ್ಲ.

ಮುಂಗಾರಿಗೆ ಮುಂಚೆ ಪ್ರತಿ ವರ್ಷ ಪೂರ್ವಸಿದ್ಧತಾ ಸಭೆ ಮಾಡುತ್ತೀರಿ. ಮುಂದಿನ ಸಭೆಯಲ್ಲಿ ಈ ಮೂರು ಸಾಲನ್ನು ಓದಿ, ಬೇಕಾದರೆ ತಿದ್ದಿ.

"ಮನೆ ಹಿಂದೆ ಧರೆ ಇರುವವರು: ಇವತ್ತು ರಾತ್ರಿ ಹಿಂದಿನ ಕೋಣೆ, ಬಚ್ಚಲು, ಕೊಟ್ಟಿಗೆ ಕಡೆ ಇರಬೇಡಿ. ಮುಂದಿನ ಜಗಲಿಗೆ ಬನ್ನಿ. ಧರೆಯ ತಲೆ ಬಿರುಕು ಬಿಟ್ಟಿದ್ದರೆ ಮನೆ ಬಿಟ್ಟು ಬನ್ನಿ."

"ಹಳ್ಳದ ಪಕ್ಕ, ಗುಡ್ಡದ ಬುಡದಲ್ಲಿ ಇರುವವರು: ಹಳ್ಳದ ನೀರು ಕೆಂಪಾದರೆ, ಅಥವಾ ಇದ್ದಕ್ಕಿದ್ದಂತೆ ಕಡಿಮೆಯಾದರೆ ಕಾಯಬೇಡಿ. ಹಳ್ಳ ಬಿಟ್ಟು ಪಕ್ಕಕ್ಕೆ, ಊರಿನ ದಿಬ್ಬಕ್ಕೆ ಹೋಗಿ."

"ಘಾಟಿಯಲ್ಲಿ ಹೋಗುವವರು: ಎಲ್ಲೂ ಗಾಡಿ ನಿಲ್ಲಿಸಬೇಡಿ."

ಮಧ್ಯದ ಸಾಲಿನಲ್ಲಿ "ಊರಿನ ದಿಬ್ಬ" ಅಂದ ಜಾಗದಲ್ಲಿ ಆಯಾ ಊರಿನ ದಿಬ್ಬದ ಹೆಸರು ಬರಬೇಕು. ನಮ್ಮೂರಿನದ್ದು ಶಾಲೆ ದಿಬ್ಬ. ಶಾಲೆ ಮಕ್ಕಳಿಲ್ಲದೆ ಮುಚ್ಚಿದೆ. ಕೀಲಿ ಪಂಚಾಯ್ತಿಯಲ್ಲಿದೆ. ಮಳೆಗಾಲದಲ್ಲಿ ಅದನ್ನು ಊರಿನ ಒಬ್ಬರ ಕೈಗೆ ಕೊಟ್ಟಿರಲು ಒಂದು ಆದೇಶ ಮಾಡಿಕೊಡಿ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಬೆಳೆಗಾರ